ಮಾಮಾ ಮಾತಾಡುತ್ತಿದ್ದ ಕೀಬೋರ್ಡು

ಮೊನ್ನೆ ರವಿವಾರ ಸ್ವೆಟರ್ ಹುಡುಕುತ್ತ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಒಬ್ಬನೇ ಇರುವವನ ಮನೆಯ ಅಟ್ಟದ ಮೇಲೆ ಅಷ್ಟು ಸಾಮಾನು ಎಲ್ಲಿಂದ ಬಂದು ಕೂಡ್ತದೋ ಆ ದೇವರೇ ಬಲ್ಲ. ಸ್ವೆಟರ್ ಸಿಗಲಿಲ್ಲ. ಸಿಕ್ಕಿದ್ದು ಒಂದು ಹಳೇ ಕೀಬೋರ್ಡು. ಬೆಳ್ಳಗಿದ್ದದ್ದು ಹಳದಿಗೆ ತಿರುಗಿದೆ, ಅಕ್ಷರಗಳ ಸಂದಿಯಲ್ಲಿ ಧೂಳು ಕೂತಿದೆ. ಆದರೆ ಮೇಲಿನ ಸಾಲಿನಲ್ಲಿ ಇರುವ ಗುಂಡಗಿನ ದಪ್ಪ ಕೀಗಳು ಮಾತ್ರ ಇದ್ದಂತೇ ಇವೆ. ನಿಮಗೂ ನೆನಪಿರಬೇಕು, ಆಗೊಮ್ಮೆ ಇಂಥ ಮಲ್ಟಿಮೀಡಿಯಾ ಕೀಬೋರ್ಡುಗಳು ಭಾರಿ ಜೋರಾಗಿದ್ದವು. ಆ ಕೀಗಳ ಮೇಲೆ ಅಕ್ಷರ ಇರುತ್ತಿರಲಿಲ್ಲ, ಚಿತ್ರ ಇರುತ್ತಿತ್ತು. ಒಂದರ ಮೇಲೆ ಮನೆ, ಒಂದರ ಮೇಲೆ ಲಕೋಟೆ, ಒಂದರ ಮೇಲೆ ಕೈಗಾಡಿ, ಒಂದರ ಮೇಲೆ ಚಂದ್ರ. ಸಪ್ಪಳ ಹೆಚ್ಚು ಕಡಿಮೆ ಮಾಡೋ ಕೀಗಳ ಮೇಲೆ ಭೋಂಗಾ, ಅಂದರೆ ಸ್ಪೀಕರಿನ ಚಿತ್ರ.

ಸುಮ್ಮನಿರಲಾರದೆ ಒರೆಸಿ, ಅದರ ದುಂಡನೆಯ ಪಿನ್ನಿಗೆ ಒಂದು ಜೋಡಣಿ ಹಚ್ಚಿ, ಈಗಿನ ಕಂಪ್ಯೂಟರಿಗೆ ಸಿಗಿಸಿದೆ. ಕಂಪ್ಯೂಟರ್ ನಡೆಸೋ ತಂತ್ರಾಂಶ ನಂದು ಅವತ್ತಿಗೂ ಇವತ್ತಿಗೂ ಲಿನಕ್ಸೇ. ಭೋಂಗಾದ ಕೀ ಒತ್ತಿದೆ, ಪರದೆಯ ಮೇಲೆ ಪಟ್ಟಿ ಏರಿತು. ಲಕೋಟೆ ಒತ್ತಿದೆ, ಅಂಚೆ ತೆರೆಯಿತು. ಮನೆ ಒತ್ತಿದೆ, ಕಡತಗಳ ಕಿಟಕಿ ತೆರೆಯಿತು. ನಾನು ಏನೂ ಮಾಡಿರಲಿಲ್ಲ, ಎಲ್ಲಾ ತಾನಾಗಿಯೇ. ಒಂದು ಕಾಲಕ್ಕೆ ಇವೇ ಕೀಗಳ ಗುರುತು ಹಿಡಿಸೋದಕ್ಕೆ ಇದೇ ಲಿನಕ್ಸು ನನ್ನ ಜೀವ ತಿಂದಿತ್ತು. ಖರೇ ಹೇಳಬೇಕಂದರೆ ನಾನು ಖುಷಿ ಪಡಬೇಕಿತ್ತು. ನನಗೆ ಅಳು ಬಂತು. ಯಾಕಂದರೆ ಆ ಮನೆ ಚಿತ್ರದ ಕೀ ಒತ್ತಿದರೆ ಆಗ ಕಡತದ ಕಿಟಕಿ ತೆರೆಯುತ್ತಿರಲಿಲ್ಲ, ನಮ್ಮ ಮಾಮಾ "ಬರ್ರಿ, ಕುಂದರ್ರಿ" ಅನ್ನುತ್ತಿದ್ದ.

ಮಾಮಾ ಅಂದರೆ ಅವ್ವನ ತಮ್ಮ. ಅಪ್ಪ ನನಗೆ ನೆನಪೇ ಇಲ್ಲ. ಅವ್ವನೂ ನಾನು ಸಣ್ಣವನಿದ್ದಾಗಲೇ ಹೋದಳು. ಖಾನಾಪುರದಲ್ಲಿ ಮಾಮಾ ಮತ್ತು ಅತ್ತಿ ನನ್ನನ್ನು ಸಾಕಿದರು, ಅವರಿಗೆ ಮಕ್ಕಳಿರಲಿಲ್ಲ. ಮಾಮಾನನ್ನು ಏಕವಚನದಲ್ಲಿ ಬರೀತೀನಿ ಅಂತ ತಪ್ಪು ತಿಳೀಬ್ಯಾಡ್ರಿ. ಒಮ್ಮೆ ಕಾಲೇಜಿಗೆ ಹೋದ ಹೊಸತರಲ್ಲಿ ಶಾಣ್ಯಾತನ ತೋರಿಸೋಕೆ "ಮಾಮಾ, ನೀವು" ಅಂದಿದ್ದೆ. "ಯಾಕಲೇ, ನಾ ಏನ ನಿನ್ನ ಬೀಗರೇನು?" ಅಂತ ಎರಡು ದಿನ ಮಾತು ಬಿಟ್ಟಿದ್ದ. ಮಾಮಾ ಮಾತು ಬಿಡೋದಂದರೆ ಸಣ್ಣ ಶಿಕ್ಷೆ ಅಲ್ಲ, ಅವನಿಗೆ.

ಮಾಮಾಂದು ಭಾಂಡೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನಿ. ಅಲ್ಲಿ ಒಂದು ಚಂಬು ಕೊಳ್ಳೋಕೆ ಬಂದವರೂ ಅರ್ಧ ತಾಸು ಕೂಡಲೇಬೇಕು. ಮೊದಲು ಕುಂದರ್ರಿ, ಆಮೇಲೆ ಚಹಾ, ಆಮೇಲೆ ಮನೆಮಂದಿಯ ಸುದ್ದಿ, ದನಕರುಗಳ ಸುದ್ದಿ, ಕಣಕುಂಬಿ ಕಡೆಯವರಾದರೆ ಘಟ್ಟದ ಮಳೆಯ ಸುದ್ದಿ. ಕಡೀಕೆ ನೆನಪಾದರೆ ಚಂಬು. ಕನ್ನಡದವರ ಜೊತೆ ಕನ್ನಡ, ಮರಾಠಿಯವರ ಜೊತೆ ಮರಾಠಿ. ಹೊಸ್ತಿಲು ದಾಟೋದರೊಳಗೆ ಬಂದವರ ಮುಖ ನೋಡಿ ಯಾವ ಮಾತು ತೆಗೀಬೇಕು ಅಂತ ಅವನಿಗೆ ತಿಳೀತಿತ್ತು. ದನಿಯೋ, ಏನು ಕೇಳ್ತೀರಿ! ಸಣ್ಣವನಿದ್ದಾಗ ಮಧ್ಯಾಹ್ನದ ಹೊತ್ತು ನಾನು ದೊಡ್ಡ ತಾಮ್ರದ ಹಂಡೆಯೊಳಗೆ ಕೂತು ಆಡುತ್ತಿದ್ದೆ. ಮಾಮಾ ಗಲ್ಲಾದ ಹತ್ತಿರ ಕೂತು ಮಾತಾಡಿದರೆ ಹಂಡೆ ಒಳಗಿನಿಂದ ಗುಂಯ್ ಅನ್ನುತ್ತಿತ್ತು. ನನಗೆ ಹಾಗೆಯೇ ನಿದ್ದಿ ಬರ್ತಿತ್ತು. ಅತ್ತಿ ಊರೆಲ್ಲಾ ಹುಡುಕಿ ಬಂದು ಹಂಡೆಯಿಂದ ನನ್ನ ಎತ್ತಿಕೊಳ್ಳುತ್ತಿದ್ದಳು.

ಆ ಮನೆಯಿಂದ ಬಂದವನು ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಮಾಳಿಗೆಯ ಮೇಲೊಂದು ಖೋಲಿ ಹಿಡಿದು, ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸೋ ಕೆಲಸಕ್ಕೆ ಸೇರಿದೆ. ಸಂಜೆ ಖೋಲಿಗೆ ಬಂದರೆ ಮಾತಾಡೋಕೆ ಗೋಡೆ. ಕೆಳಗಿನ ಮನೆಯ ಮಾಲಕೀಣಬಾಯಿ ಒಳ್ಳೆಯವರು, ಆದರೆ ಅವರಿಗೆ ನನ್ನಿಂದ ಬೇಕಾದದ್ದು ನಳ ಬಂದ್ ಮಾಡಿದ್ದೀನೋ ಇಲ್ಲೋ ಅನ್ನೋ ಖಾತ್ರಿ ಅಷ್ಟೇ. ಕಂಪ್ಯೂಟರ್ ಮ್ಯಾಗಝಿನ್ನಿನ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಲಿನಕ್ಸ್ ಹಾಕಿಕೊಂಡೆ. ನಾಲ್ಕು ಮಂದಿ ಹೋಗೋ ದಾರಿ ಬಿಟ್ಟು ಹೋದರೆ ಕೇಳೋಕೆ ಯಾರೂ ಸಿಗೋದಿಲ್ಲ ಅನ್ನೋದು ಆಮೇಲೆ ತಿಳೀತು. ಕ್ಲಾಸಿನ ಉಳಿದ ಮಾಸ್ತರರೆಲ್ಲ ನನ್ನ ಮಷೀನು ನೋಡಿ ದೂರ ಸರೀತಿದ್ದರು.

ಇಂಥಾದ್ದರಲ್ಲಿ ಈ ಕೀಬೋರ್ಡು ತಂದೆ. ಚಂದ ಕಂಡಿತು, ತಂದೆ, ಅಷ್ಟೇ. ತಂದು ಹಚ್ಚಿದರೆ ಅಕ್ಷರದ ಕೀಗಳೆಲ್ಲ ಕೆಲಸ ಮಾಡ್ತಾವ, ಚಿತ್ರದ ಕೀಗಳು ಒಂದೂ ಮಾಡೋದಿಲ್ಲ. ಒತ್ತಿದಾಗೊಮ್ಮೆ ಕರಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರ್ತಿತ್ತು. ಅದರ ಅರ್ಥ ಇಷ್ಟು: ಯಾವುದೋ ಒಂದು ಕೀ ಒತ್ತಿದ್ದು ಗೊತ್ತಾಯಿತು, ಅದು ಯಾವುದೆಂದು ನನಗೆ ಗುರುತಿಲ್ಲ, ಬಿಟ್ಟುಬಿಟ್ಟಿದ್ದೇನೆ. ಮೊದಲ ಸಲ ಓದಿದಾಗ ನಗು ಬಂತು. ಎರಡು ಮೂರು ಸಂಜೆ ಅದನ್ನೇ ಓದಿದ ಮೇಲೆ ಅಷ್ಟು ನಗು ಬರಲಿಲ್ಲ.

ಆ ವರ್ಷ ಮಾಮಾನ ದನಿ ಒಡೆಯಿತು. ಮೊದಲು ಥಂಡಿ ಅಂದ, ಆಮೇಲೆ ಧೂಳು ಅಂದ. ಬೀಡಿಯ ಹೆಸರು ಮಾತ್ರ ಬಾಯಿಂದ ಬರಲಿಲ್ಲ. ಬೆಳಗಾವಿಯ ನೆಹರು ನಗರದ ದೊಡ್ಡ ದವಾಖಾನೆಗೆ ನಾನೇ ಕರಕೊಂಡು ಹೋದೆ, ಅತ್ತಿಯೂ ಬಂದಿದ್ದಳು. ಡಾಕ್ಟರು ಚಿತ್ರ ಬರೆದು ತಿಳಿಸಿ ಹೇಳಿದರು. ಗಂಟಲಲ್ಲಿ ಕ್ಯಾನ್ಸರು, ದನಿ ಹುಟ್ಟೋ ಜಾಗವನ್ನೇ ತೆಗೀಬೇಕು, ಕೊರಳಲ್ಲಿ ಒಂದು ತೂತು ಇಟ್ಟು ಅಲ್ಲಿಂದ ಉಸಿರು. ಜೀವ ಉಳೀತದ, ಮಾತು ಉಳಿಯೋದಿಲ್ಲ. ಮಾಮಾ ಕೇಳಿದ್ದು ಒಂದೇ ಪ್ರಶ್ನೆ. "ಒಟ್ಟ ಬರೂದಿಲ್ಲೇನ್ರಿ ಸಾಹೇಬ್ರ? ಸಾವಕಾಶ, ಸಣ್ಣ ದನೀಲೆರ?"

ಅಲ್ಲಿಂದ ಊಟಕ್ಕೆ ನನ್ನ ಖೋಲಿಗೆ ಬಂದೆವು. ಊಟ ಯಾರಿಗೂ ಸೇರಲಿಲ್ಲ. ಅತ್ತಿ ಭಾಂಡೆ ತಿಕ್ಕೋ ನೆವ ಮಾಡಿ ಮೋರಿ ಕಡೆ ಮುಖ ಮಾಡಿ ನಿಂತಳು. ಮಾಮಾ ಕಂಪ್ಯೂಟರಿನ ಮುಂದೆ ಕೂತು ಕೀಬೋರ್ಡಿನ ಚಿತ್ರಗಳ ಮೇಲೆ ಬೆರಳಾಡಿಸಿದ. "ಇದ ಮನಿ. ಇದ ಕೈಗಾಡಿ. ಇದನ್ನ ಒತ್ತಿದ್ರ ಏನಾಗ್ತದಲೇ?"

"ಏನೂ ಆಗೂದಿಲ್ಲ ಮಾಮಾ. ಏನೋ ಒತ್ತಿದ್ರು ಅಂತ ಅದಕ್ಕ ತಿಳೀತದ. ಏನು ಅಂತ ತಿಳಿಯೂದಿಲ್ಲ. ಬಿಟ್ಟಬಿಡ್ತದ."

ಮಾಮಾ ಒಂದು ಸಲ ಮನೆಯ ಕೀ ಒತ್ತಿದ. ಪರದೆ ಮೇಲೆ ಆ ಸಾಲು ಬಂತು. "ಇನ್ನ ಮ್ಯಾಲೆ ನಂದೂ ಇದ ಹಣೇಬಾರ ಬಿಡು" ಅಂದ. ಮೋರಿಯ ಹತ್ತಿರ ಅತ್ತಿಯ ಕೈಯಿಂದ ತಾಟು ಬಿತ್ತು.

ನನಗೆ ಆ ಹೊತ್ತಿಗೆ ಹೊಳೆಯಿತು. ದನಿ ಇನ್ನೂ ಐತಿ, ಒಡೆದಿದ್ದರೂ ಐತಿ. ಆಪರೇಷನ್ನಿಗೆ ಇನ್ನೂ ಸ್ವಲ್ಪ ದಿನ ಅದಾವ. ಮಾಮಾನ ದನಿಯಲ್ಲಿ ನಾಲ್ಕು ಮಾತು ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಂಡರೆ? ಒಂದೊಂದು ಚಿತ್ರದ ಕೀಗೆ ಒಂದೊಂದು ಮಾತು ಕಟ್ಟಿದರೆ? ಹೇಳಿದೆ. ಮಾಮಾ "ಮಾಡಲೇ ಅಳಿಯಾ, ಲಗೂ ಮಾಡ" ಅಂದ.

ಲಗೂ ಆಗಬೇಕಲ್ಲ! ಪ್ರತಿ ಕೀ ಒತ್ತಿದಾಗ ಅದು ತನ್ನದೊಂದು ಸಂಖ್ಯೆ ಕಳಿಸ್ತದ. ಲಿನಕ್ಸಿನ ಹೊಟ್ಟೆಯಲ್ಲಿ ಒಂದು ಪಟ್ಟಿ ಇರ್ತದ, ಆ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಅದಕ್ಕೆ ಕೀಯ ಗುರುತಿಲ್ಲ. ಮೊದಲು ಸಂಖ್ಯೆ ಪಟ್ಟಿಗೆ ಸೇರಿಸಬೇಕು, ಆಮೇಲೆ ಕಿಟಕಿಗಳು ತೆರೆಯೋ ಪರದೆಗೆ ಬೇರೆ ಹೆಸರಿನಲ್ಲಿ ಮತ್ತೆ ಪರಿಚಯ ಮಾಡಿಸಬೇಕು, ಅದಾದ ಮೇಲೆ ಆ ಹೆಸರಿಗೆ ದನಿ ಕಟ್ಟಬೇಕು. ಎಲ್ಲಾ ಮಾಡಿ ಗೆದ್ದೆ ಅಂತ ಚಹಾ ಕುಡಿದು ಬಂದು ಮಷೀನು ಮತ್ತೆ ಚಾಲೂ ಮಾಡಿದರೆ ಅದು ಎಲ್ಲಾ ಮರೆತು ಕೂತಿರ್ತಿತ್ತು. ಪ್ರತಿ ಸಲ ಚಾಲೂ ಆದಾಗ ತಾನೇ ನೆನಪು ಮಾಡಿಕೊಳ್ಳೋ ಹಾಗೆ ಮತ್ತೊಂದು ಕಡೆ ಬರೆದಿಡಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ನನ್ನ ಜಾಣತನದ ಬಗ್ಗೆ ಹೆಚ್ಚು ಹೇಳೋದಿಲ್ಲ.

ಇಂಟರ್ನೆಟ್ ಕೆಫೆಗೆ ಹೋಗಿ, ಲಿನಕ್ಸ್ ಮಂದಿಯ ಇ-ಮೇಲ್ ಕೂಟಕ್ಕೆ ನನ್ನ ಹರಕು ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದೆ. ಯಾವ ಊರಿನವನೋ, ಒಬ್ಬನೇ ಉತ್ತರ ಕೊಟ್ಟ. ದಾರಿ ತೋರಿಸಿ, ಕಡೆಗೆ ಒಂದು ಮಾತು ಕೇಳಿದ್ದ: ಇಷ್ಟೆಲ್ಲಾ ಯಾಕೆ, ಇದ್ದ ಕೀಗಳಲ್ಲೇ ಯಾವುದಕ್ಕಾದರೂ ಕಟ್ಟಿಕೊಳ್ಳಬಾರದೇನು? ಕೇಳೋ ಮಾತೇ. ನಾನೂ ಮಾಮಾನಿಗೆ ಹಾಗೇ ಹೇಳಿ ನೋಡಿದ್ದೆ. ಅವ ಒಪ್ಪಲಿಲ್ಲ. ಚಾಳೀಸು ಇಲ್ಲದೆ ಬೆರಳಿಗೆ ಸಿಗೋ ದಪ್ಪ ಗುಂಡಿ ಅವು. ಮೇಲಾಗಿ ಅವುಗಳ ಮೇಲೆ ಯಾವ ಅಕ್ಷರವೂ ಇಲ್ಲ, ಕನ್ನಡವೋ ಮರಾಠಿಯೋ ಅಂತ ಜಗಳಾಡೋ ನಮ್ಮ ತಾಲೂಕಿನಲ್ಲಿ ಅದೂ ಒಂದು ಸಮಾಧಾನವೇ. "ಇವು ಮೂಕ ಅದಾವಲ್ಲ, ಇವ ಇರ್ಲಿ" ಅಂದಿದ್ದ.

ದವಾಖಾನೆಗೆ ಸೇರೋ ಮುಂಚಿನ ರವಿವಾರ ಮಷೀನು ಹೊತ್ತುಕೊಂಡು ಖಾನಾಪುರಕ್ಕೆ ಹೋದೆ. ಅಂಗಡಿ ಬಂದ್ ಇತ್ತು. ಹಿಂದಿನ ಖೋಲಿಯಲ್ಲಿ ಮೈಕು ಹಿಡಿದು ಕೂತೆವು, ಮಾಮಾ ಹೊಸ ಅಂಗಿ ಹಾಕಿಕೊಂಡಿದ್ದ. "ದನಿ ಹಿಡ್ಯಾಕ ಅಂಗಿ ಯಾಕ?" ಅಂದರೆ "ಮಂದಿ ಮುಂದ ಮಾತಾಡೂದಲ್ಲೇನಲೇ" ಅಂದ.

ಮೊದಲ ಮಾತು "ಬರ್ರಿ, ಕುಂದರ್ರಿ". ಅದರಲ್ಲಿ ಯಾರಿಗೂ ಸಂಶಯ ಇರಲಿಲ್ಲ, ಅದಕ್ಕೆ ಮನೆಯ ಚಿತ್ರ. ಕೂಡಲೇ ಮಾಮಾ "ಅದರ ಬಾಜೂಕ 'ಯಾ, ಬಸಾ' ಹಾಕು" ಅಂದ. ಬಂದವರು ಮರಾಠಿಯವರಿದ್ದರೆ ಕನ್ನಡದಲ್ಲಿ ಕುಂದರ್ರಿ ಅನ್ನೋದು ಸರಿ ಅಲ್ಲಂತೆ. ಲಕೋಟೆಗೆ "ಚಹಾ ಕುಡೀರಿ", ಅದರ ಪಕ್ಕಕ್ಕೆ "ಚಹಾ ಘ್ಯಾ". "ಮನ್ಯಾಗ ಎಲ್ಲಾರೂ ಆರಾಮ?" ಅಂತ ಕೇಳದಿದ್ದರೆ ಹೆಂಗೆ? ಅದೂ ಎರಡು ಭಾಷೆಯಲ್ಲಿ. ಅವರು ತಿರುಗಿ ಕೇಳ್ತಾರಲ್ಲ, ಅದಕ್ಕೆ ಭೋಂಗಾದ ಕೀಗೆ "ಆರಾಮ ಅದೀನ್ರಿ", ಇನ್ನೊಂದು ಭೋಂಗಾಕ್ಕೆ "ಬರಂ ಆಹೆ". ಅತ್ತಿ ಬಾಗಿಲಲ್ಲಿ ನಿಂತಿದ್ದವಳು "ಊಟದ ಹೊತ್ತಿನಾಗ ಬಂದ್ರ? ಊಟಾ ಮಾಡ್ಕೊಂಡ ಹೋಗ್ರಿ ಅನ್ನೂದು ಬ್ಯಾಡೇನು?" ಅಂದಳು. ಹೌದಲ್ಲ ಅಂತ ಅದನ್ನೂ ಹಾಕಿದೆವು. ಹೊರಟವರಿಗೆ "ಮತ್ತ ಬರ್ರಿ", "ಪುನ್ಹಾ ಯಾ". ಹಿರಿಯರು ಬಂದರೆ "ಶರಣು ಶರಣಾರ್ಥಿ". ಕೀಗಳು ತೀರಿದವು. ಮಾಮಾ ಬೆವರಿದ್ದ. ಆದರೆ ದನಿ ನೋಡ್ರಿ, ಮೈಕಿನ ಮುಂದೆ ಅದು ಎಲ್ಲಿಂದಲೋ ತುಂಬಿ ಬಂದಿತ್ತು. "ಆರಾಮ ಅದೀನ್ರಿ" ಅಂದದ್ದಂತೂ ಹತ್ತು ವರ್ಷದ ಹಿಂದಿನ ಮಾಮಾ ಅಂದಂಗಿತ್ತು. ಮೂವರೂ ಕೂತು ಎಲ್ಲಾ ಕೀ ಒತ್ತಿ ಒತ್ತಿ ಕೇಳಿದೆವು, ನಕ್ಕೆವು.

ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡ್ರಿ. ನೀರು ಬೇಕು ಅನ್ನೋದು ಹಾಕಿರಲಿಲ್ಲ. ಹಸಿವು ಆಗೇತಿ, ಸಾಕು, ಬ್ಯಾಡ, ನೋಯ್ತದ, ಯಾವುದೂ ಇಲ್ಲ. ಬಂದವರಿಗೆ ಎರಡು ಭಾಷೆಯಲ್ಲಿ ಚಹಾ ಇತ್ತು, ಮಾಮಾನ ಪಾಲಿಗೆ ಒಂದು ಮಾತೂ ಇರಲಿಲ್ಲ. ನಮ್ಮ ಮಂದಿಯೇ ಹಾಗೆ. ದನಿ ಅನ್ನೋದು ಮಂದಿಯನ್ನು ಮಾತಾಡಿಸೋಕೆ ಇರೋದು ಅಂತಲೇ ನಾವು ತಿಳಿದಿದ್ದೆವು.

ಆಪರೇಷನ್ ಆಯಿತು. ಮನೆಗೆ ಬಂದ ಮಾಮಾ ಕೊರಳಿಗೆ ಬಿಳೇ ಅರಿವೆ ಕಟ್ಟಿಕೊಂಡು ಗಲ್ಲಾದ ಮೇಲೆ ಕೂತ, ಬಾಜೂಕ ಕಂಪ್ಯೂಟರು. ಮೊದಲ ದಿನಗಳಲ್ಲಿ ಅಂಗಡಿಗೆ ಜಾತ್ರೆ ನೆರೆದಂಗೆ ಮಂದಿ. ಕಣಕುಂಬಿಯ ಒಬ್ಬ ಗಿರಾಕಿ, "ಬಾಯಿ ಮುಚ್ಚಿಕೊಂಡ ಹೆಂಗ ಮಾತಾಡ್ತೀರಿ ಶೆಟ್ರ?" ಅಂತ ಗಾಬರಿಯಾಗಿ ಗಲ್ಲಾದ ಹಿಂದೆ ಬಗ್ಗಿ ನೋಡಿದ್ದನಂತೆ. ಇನ್ನೊಬ್ಬಳು ಮುದುಕಿ ಒಳಗೆ ಕಾಲಿಡೋದರಲ್ಲಿ ಮಾಮಾನ ಬೆರಳು ತಪ್ಪಿ, ಹೊರಟವರಿಗೆ ಹೇಳೋ "ಪುನ್ಹಾ ಯಾ" ಅಂದುಬಿಟ್ಟಿತಂತೆ. ಆಕೆ ಸಿಟ್ಟಿನಿಂದ ಹೊರಳಿ ನಡೆದಳಂತೆ. ಮಾಮಾ ಓಡಿಹೋಗಿ ಕೈ ಹಿಡಿದು ಕರಕೊಂಡು ಬಂದ. ಕರೆಂಟು ಹೋದರೆ ಮಾತ್ರ ಮಾಮಾ ಚಂಬಿಗೆ ಸೌಟಿನಿಂದ ಬಡಿದು ಅತ್ತಿಯನ್ನು ಕರೀತಿದ್ದ.

ಆದರೆ ಬರ್ರಿ ಕುಂದರ್ರಿ ಆಯಿತು, ಚಹಾ ಆಯಿತು, ಆರಾಮ ಆಯಿತು, ಮುಂದೆ? ಮುಂದೆ ಬಂದವರು ಮಾಮಾನ ಮುಖ ನೋಡ್ತಿದ್ದರು, ಮಾಮಾ ಅವರ ಮುಖ ನೋಡ್ತಿದ್ದ. ವ್ಯವಹಾರದ ಮಾತಿಗೆ ಪಾಟಿ ಇತ್ತು, ಬಳಪದಿಂದ ಬರೆದು ತೋರಿಸ್ತಿದ್ದ. ದನದ ಸುದ್ದಿ, ಮಳೆಯ ಸುದ್ದಿ ಪಾಟಿಯ ಮೇಲೆ ಯಾರು ಬರೀತಾರ? "ಮಾತಿನ ತಲಿ ಐತಿ, ಬಾಲ ಐತಿ, ಹೊಟ್ಟಿ ಇಲ್ಲಪಾ" ಅಂದಳು ಅತ್ತಿ. ಮಂದಿ ಬರುಬರುತ್ತಾ ಚಂಬು ಕೊಂಡು ನಿಂತಲ್ಲಿಂದಲೇ ಹೋಗೋಕೆ ಹತ್ತಿದರು. ಮನೆಯ ಕೀ ಒತ್ತಿ "ಬರ್ರಿ, ಕುಂದರ್ರಿ" ಅಂದರೂ "ಇರ್ಲಿ ಬಿಡ್ರಿ, ಬಸ್ ಹೋಗ್ತದ" ಅನ್ನುತ್ತಿದ್ದರು. ನಾನಿದ್ದಾಗ ಒಮ್ಮೆ ಹೀಗಾಯಿತು. ಗಿರಾಕಿ ರಸ್ತೆ ದಾಟಿದ ಮೇಲೂ ಮಾಮಾ ಇನ್ನೊಮ್ಮೆ ಆ ಕೀ ಒತ್ತಿದ. ನನಗೆ ಎಲ್ಲಿ ನೋಡಬೇಕೋ ತಿಳೀಲಿಲ್ಲ.

ನಾನು ಟಿಳಕವಾಡಿಯಲ್ಲಿ ಮಾಲಕೀಣಬಾಯಿಯ ಮನೆಯಿಂದ ಫೋನು ಮಾಡ್ತಿದ್ದೆ. ಅತ್ತಿ ರಿಸೀವರನ್ನು ಕಂಪ್ಯೂಟರಿನ ಭೋಂಗಾಕ್ಕೆ ಹಿಡೀತಿದ್ದಳು. "ಆರಾಮೇನು ಮಾಮಾ?" ಅಂತ ನಾನು. "ಆರಾಮ ಅದೀನ್ರಿ" ಅಂತ ಆ ಗಟ್ಟಿ ದನಿ. ನನಗೂ ಅದು ರೀ ಹಚ್ಚುತ್ತಿತ್ತು, ಅದರದ್ದೇನು ತಪ್ಪು. ಆ ದನಿ ಕೇಳಿದರೆ ಖರೇನೇ ಆರಾಮ ಇದ್ದಾನೆ ಅನಿಸುತ್ತಿತ್ತು. ನಾನೂ "ನಾನೂ ಆರಾಮ ಮಾಮಾ" ಅಂತಿದ್ದೆ. ಫೋನಿಟ್ಟು ಮೇಲೆ ಹೋಗಿ ಒಬ್ಬನೇ ಅನ್ನ ಮಾಡಿಕೊಂಡು ಉಣ್ಣುತ್ತಿದ್ದೆ. ಎರಡೂ ಕಡೆ ಸುಳ್ಳು. ಅವನ ಸುಳ್ಳಿಗೆ ಕೀ ಇತ್ತು, ನನ್ನ ಸುಳ್ಳನ್ನು ನಾನೇ ಹೇಳಬೇಕಿತ್ತು, ಅಷ್ಟೇ ಫರಕು.

ಮಳೆಗಾಲ ಮುಗಿಯೋ ಹೊತ್ತಿಗೆ ಮಾಮಾ ಇಳಿದುಹೋಗಿದ್ದ. ಬೇನೆ ತಿರುಗಿ ಬಂದಿದೆಯೋ ಏನೋ ಅಂತ ನನಗೆ ಅಂಜಿಕೆ. "ನೋವೇನರ ಐತೇನು? ಪಾಟಿ ಮ್ಯಾಲೆ ಬರಿ ಮಾಮಾ" ಅಂದೆ. ಬಳಪ ತಗೊಂಡು ದುಂಡಗೆ "ಆರಾಮ" ಅಂತ ಬರೆದ. ದವಾಖಾನೆಗೆ ಹೋಗೂಣು ಅಂದರೆ ಕೈ ಅಲ್ಲಾಡಿಸಿದ. ಅತ್ತಿ ಕೇಳಿದರೂ ಅದೇ ಭೋಂಗಾದ ಕೀ. ಅವನಿಗೆ ನೋವನ್ನು ಹೇಳಿ ರೂಢಿ ಇರಲಿಲ್ಲ. ದನಿ ಇದ್ದಾಗಲೂ ಎಂದೂ ಹೇಳಿದವನಲ್ಲ.

ಒಂದು ಮುಂಜಾನೆ ನಾನು ಕ್ಲಾಸಿಗೆ ಹೊರಟಿದ್ದೆ. ಕೆಳಗಿನಿಂದ ಮಾಲಕೀಣಬಾಯಿ "ಅಹೋ, ತುಮ್ಚಾ ಫೋನ್ ಆಲಾಯ!" ಅಂತ ಕೂಗಿದರು. ಅತ್ತಿಯ ಫೋನು ಬಂದಿತ್ತು.

"ಎದ್ದಾಗಿಂದ ಗಲ್ಲಾದ ಮ್ಯಾಲೆ ಕುಂತಾನ. ಅಂಗಡಿ ಬಾಗಲಾನೂ ತೆಗದಿಲ್ಲ, ಯಾರೂ ಬಂದಿಲ್ಲ, ನಾನೂ ಏನೂ ಕೇಳಿಲ್ಲ. ಇದೊಂದ ಒತ್ತಾಕ್ಹತ್ಯಾನ. ನೀನ ಕೇಳ."

ರಿಸೀವರನ್ನು ಭೋಂಗಾದ ಕಡೆ ಹಿಡಿದಳು. ಆರಾಮ ಅದೀನ್ರಿ. ಆರಾಮ ಅದೀನ್ರಿ. ಒಂದು ಮುಗಿಯೋದರೊಳಗೆ ಇನ್ನೊಂದು. ಆರಾಮ ಅದೀ, ಆರಾಮ ಅದೀನ್ರಿ, ಆರಾಮ. ಅದೇ ಗಟ್ಟಿ ದನಿ, ಅದೇ ನಗು.

"ಕೇಳಿದ್ಯಾ?" ಅಂದಳು ಅತ್ತಿ. "ಲಗೂನ ಬಾ."

ಸಿಕ್ಕ ಬಸ್ಸು ಹತ್ತಿದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಮಾಮಾ ಕಂಪ್ಯೂಟರಿನ ಮುಂದೆ ಬಾಗಿ ಕೂತಿದ್ದ, ಬೆರಳು ಕೀಯ ಮೇಲೇ ಇತ್ತು. ನನ್ನ ನೋಡಿದ ಕೂಡಲೇ ಆ ಬೆರಳು ಅಲ್ಲಿಂದ ಸರಿದು ಮನೆಯ ಚಿತ್ರದ ಕಡೆ ಹೋಯಿತು, ನನಗೂ ಬರ್ರಿ ಕುಂದರ್ರಿ ಅನ್ನೋಕೆ. ನಾನು ಅವನ ಕೈ ಹಿಡಿದೆ. ಬಾಯಿಗೆ ಬಂದದ್ದು "ಆರಾಮೇನು ಮಾಮಾ" ಅನ್ನೋ ಮಾತೇ, ಹುಟ್ಟಿದಾಗಿಂದ ಅದನ್ನೇ ಕೇಳಿ ರೂಢಿ. ಅದನ್ನು ನುಂಗಿದೆ.

"ಎಲ್ಲಿ ನೋಯಾಕತ್ತೈತಿ ಮಾಮಾ?" ಅಂತ ಕೇಳಿದೆ.

ಮಾಮಾ ನನ್ನ ಮುಖ ನೋಡಿದ. ಆಮೇಲೆ ಕೀಬೋರ್ಡಿನಿಂದ ಕೈ ತೆಗೆದು ಮೊದಲು ಕಿವಿಯ ಕೆಳಗೆ ಮುಟ್ಟಿ ತೋರಿಸಿದ. ಆಮೇಲೆ ಹೆಗಲು. ಆಮೇಲೆ ಬೆನ್ನು, ಅಲ್ಲಿಗೆ ಕೈ ನಿಲುಕಲಿಲ್ಲ, ನನ್ನ ಕೈಯನ್ನೇ ಎಳಕೊಂಡು ಅಲ್ಲಿ ಇಟ್ಟ. ಆಮೇಲೆ ಪಕ್ಕೆ, ಮತ್ತೆ ಹೆಗಲು. ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಾಮಾ ತೋರಿಸುತ್ತಲೇ ಇದ್ದ.